ಹೊರನಾಡಿನ ಮಣ್ಣಿಗೆ ಬಿದ್ದ ಹುಡುಗರು ಮತ್ತು ಕವಿತೆಯ ಹೊಣೆ

1915ರ ಜನವರಿ. ಫ್ರಾನ್ಸಿನ ಕಂದಕಗಳಲ್ಲಿ ಭಾರತೀಯ ಸಿಪಾಯಿಗಳು ತಮ್ಮ ಮೊದಲ ಚಳಿಗಾಲ ಕಳೆಯುತ್ತಿದ್ದರು. ಅವರು ಊರಿಗೆ ಬರೆದ ಕಾಗದಗಳನ್ನು ತೆರೆದು ಓದಿ, ಬೇಡದ್ದನ್ನು ತಡೆಹಿಡಿಯಲು ಬ್ರಿಟಿಷ್ ಸೇನೆ ಒಂದು ಸೆನ್ಸಾರ್ ಕಚೇರಿಯನ್ನೇ ಇಟ್ಟಿತ್ತು. ಅದರ ಮುಖ್ಯಸ್ಥ ಕ್ಯಾಪ್ಟನ್ ಈವ್ಲಿನ್ ಹೋವೆಲ್ ತನ್ನ ವರದಿಯಲ್ಲಿ ಒಂದು ಸಂಗತಿಯತ್ತ ಬೊಟ್ಟು ಮಾಡಿದ: ಸಿಪಾಯಿಗಳಲ್ಲಿ ಅನೇಕರು ಕಾಗದ ಬರೆಯುತ್ತ ಬರೆಯುತ್ತ ಪದ್ಯಕ್ಕೆ ಹೊರಳುತ್ತಿದ್ದಾರೆ. ಅದು ಅವನಿಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಮನಸ್ಸು ಕದಡಿದೆ ಎಂಬುದಕ್ಕೆ ಇದೊಂದು ಅಪಶಕುನ ಎಂದು ಅವನು ಬಗೆದ.

ಸೆನ್ಸಾರ್ ಅಧಿಕಾರಿಗೆ ಕವಿತೆಯ ಬಗ್ಗೆ ಇದ್ದ ಈ ಅನುಮಾನ ಹುಸಿಯಲ್ಲ. ಸಂಬಳ, ರಜೆ, ಬೂಟು, ರೊಟ್ಟಿಯ ಮಾತನ್ನು ಗದ್ಯದಲ್ಲಿ ಬರೆಯಬಹುದು. ಪಕ್ಕದಲ್ಲಿ ನಿಂತಿದ್ದ ಇಪ್ಪತ್ತರ ಗೆಳೆಯ ಕಣ್ಣೆದುರೇ ಚೂರಾದದ್ದನ್ನು, ಸಾವಿರಾರು ಮೈಲಿ ಆಚೆ ಇರುವ ಅವನ ಅವ್ವನಿಗೆ ಹೇಗೆ ತಿಳಿಸುವುದು? ಪದ್ಯ ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ. ಆದರೆ ಅದೇ ಕಾಲದಲ್ಲಿ, ಕಂದಕದಿಂದ ಬಹುದೂರದಲ್ಲಿ, ಹುಡುಗರನ್ನು ಯುದ್ಧಕ್ಕೆ ಕರೆಯುವ ಪದ್ಯಗಳೂ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಯುದ್ಧದ ವಿಷಯದಲ್ಲಿ ಕವಿತೆ ಎರಡೂ ಕೆಲಸ ಮಾಡಿದೆ. ಹುಡುಗನನ್ನು ಕಳಿಸಿಕೊಟ್ಟಿದೆ, ಹುಡುಗನಿಗಾಗಿ ಅತ್ತಿದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಓದುಗರು ಗುರುತಿಸಲೇಬೇಕು.

ವ್ಯತ್ಯಾಸ ಎಲ್ಲಿದೆ ಎಂದು ನೋಡಲು ಎರಡು ಸಮಾಧಿಗಳ ಬಳಿಗೆ ಹೋಗಬೇಕು. ಒಂದು ಕವಿಕಲ್ಪನೆಯದು, ಇನ್ನೊಂದು ನಿಜವಾದದ್ದು.

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಥಾಮಸ್ ಹಾರ್ಡಿ ಒಂದು ಪುಟ್ಟ ಕವಿತೆ ಪ್ರಕಟಿಸಿದ. ಅದರಲ್ಲಿ ಸೇನಾಪತಿ ಇಲ್ಲ, ಬಾವುಟ ಇಲ್ಲ, ಗೆಲುವೂ ಇಲ್ಲ. ಇಂಗ್ಲೆಂಡಿನ ಹಳ್ಳಿಯಿಂದ ಬಂದ ತಮಟೆ ಬಾರಿಸುವ ಹುಡುಗನೊಬ್ಬ ಇದ್ದಾನೆ. ಹೆಸರು ಹಾಜ್. ಪೆಟ್ಟಿಗೆಯೂ ಇಲ್ಲದೆ, ಸಿಕ್ಕ ಹಾಗೆಯೇ ಅವನನ್ನು ಹೂಳುತ್ತಾರೆ. ಅವನ ಗುಂಡಿಯ ಮೇಲೆ ಪ್ರತಿ ರಾತ್ರಿ ಏಳುವ ನಕ್ಷತ್ರಗಳು ದಕ್ಷಿಣ ಗೋಲಾರ್ಧದವು; ಊರಿನಲ್ಲಿ ಅವನು ಎಂದೂ ಕಾಣದಂಥವು. ತಾನು ಬಂದ ನಾಡು ಎಂಥದ್ದು, ಯಾಕೆ ಬಂದೆ ಎಂಬುದು ತಿಳಿಯುವ ಮೊದಲೇ ಆ ಹುಡುಗ ಆ ಮಣ್ಣಿಗೆ ಸೇರಿಹೋದ. ಅವನ ಮೈಯೇ ಅಲ್ಲೊಂದು ಮರವಾಗಿ ಬೆಳೆಯುತ್ತದೆ. ಹಾರ್ಡಿ ಎಲ್ಲೂ ದನಿ ಏರಿಸುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಒಬ್ಬ ಹಳ್ಳಿ ಹುಡುಗನಿಗೂ ಅವನು ಬಿದ್ದ ನೆಲಕ್ಕೂ ಯಾವ ಸಂಬಂಧವೂ ಇರಲಿಲ್ಲ ಎಂಬುದನ್ನಷ್ಟೇ ತೋರಿಸಿ ಸುಮ್ಮನಾಗುತ್ತಾನೆ.

ಇನ್ನೊಂದು ಸಮಾಧಿ ಗ್ರೀಸಿನ ಸ್ಕೈರಾಸ್ ದ್ವೀಪದ ಆಲಿವ್ ತೋಪಿನಲ್ಲಿದೆ. ಅಲ್ಲಿ ಮಲಗಿರುವವನು ಕವಿ ರೂಪರ್ಟ್ ಬ್ರೂಕ್. 1914ರ ಕೊನೆಯಲ್ಲಿ ಅವನು ಬರೆದ ಸಾನೆಟ್ಟುಗಳಲ್ಲಿ ಒಂದು, ತಾನು ಪರದೇಶದಲ್ಲಿ ಸತ್ತರೆ ತನ್ನನ್ನು ಹೂತ ಜಾಗ ಇಂಗ್ಲೆಂಡಿನದೇ ಆಗಿಬಿಡುತ್ತದೆ ಎಂದು ನಂಬುವ ಕವಿತೆ. 1915ರ ಈಸ್ಟರ್ ಭಾನುವಾರ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ವೇದಿಕೆಯಿಂದ ಧರ್ಮಗುರುಗಳೇ ಅದನ್ನು ಓದಿದರು. ಮೂರು ವಾರವೂ ಕಳೆಯಲಿಲ್ಲ, ಏಪ್ರಿಲ್ 23ರಂದು ಬ್ರೂಕ್ ತೀರಿಕೊಂಡ. ಗಲಿಪೊಲಿಯ ಕಾಳಗಕ್ಕೆ ಹೋಗುವ ದಾರಿಯಲ್ಲಿ ಸೊಳ್ಳೆ ಕಡಿತದ ಗಾಯ ನಂಜೇರಿ, ಫ್ರೆಂಚ್ ಆಸ್ಪತ್ರೆ ಹಡಗಿನಲ್ಲಿ ಅವನು ಸತ್ತಾಗ ವಯಸ್ಸು 27. ಚರ್ಚಿಲ್ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದ. ಕವಿಯ ಸಾವು ಕವಿತೆಗೆ ಮುದ್ರೆ ಒತ್ತಿತು. ಆ ಸಾಲುಗಳು ಮನೆಮನೆಯ ಮಾತಾದವು.

ಎರಡು ಕವಿತೆಗಳಲ್ಲೂ ಇರುವುದು ಒಂದೇ ಚಿತ್ರ: ಪರದೇಶದ ಮಣ್ಣಿನಲ್ಲಿ ಇಂಗ್ಲೆಂಡಿನ ಹುಡುಗ. ಹಾರ್ಡಿಯಲ್ಲಿ ಮಣ್ಣು ಹುಡುಗನನ್ನು ತನ್ನದಾಗಿಸಿಕೊಳ್ಳುತ್ತದೆ. ಬ್ರೂಕ್‌ನಲ್ಲಿ ಹುಡುಗ ಮಣ್ಣನ್ನು ತನ್ನ ದೇಶಕ್ಕೆ ಸೇರಿಸಿಕೊಳ್ಳುತ್ತಾನೆ. ಮೊದಲನೆಯದು ನಷ್ಟದ ಲೆಕ್ಕ. ಎರಡನೆಯದರಲ್ಲಿ ಸಾವೂ ಒಂದು ಗಳಿಕೆಯೇ. ಬ್ರೂಕ್ ಕಪಟಿಯಾಗಿರಲಿಲ್ಲ, ನಂಬಿದ್ದನ್ನೇ ಬರೆದ. ಆದರೆ ಅವನ ನಂಬಿಕೆಯ ಚೆಲುವು ಮುಂದೆ ಸಾವಿರಾರು ತಾಯಂದಿರ ಬಾಯಿಗೆ ಬೀಗ ಹಾಕಿತು. ಮಗ ಸತ್ತದ್ದು ಗಳಿಕೆ ಎಂದ ಮೇಲೆ ಅಳುವುದಾದರೂ ಹೇಗೆ?

ಒಂದೇ ಕವಿತೆ ಎರಡೂ ಕೆಲಸ ಮಾಡಿದ್ದುಂಟು. ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ 1915ರ ಮೇ ತಿಂಗಳಲ್ಲಿ ಬೆಲ್ಜಿಯಂನ ಈಪ್ರ್ ಬಳಿ ತನ್ನ ಕಿರಿಯ ಗೆಳೆಯನನ್ನು ಕಳೆದುಕೊಂಡ. ಆ ದುಃಖದಲ್ಲಿ ಬರೆದ ಪದ್ಯದಲ್ಲಿ ಶಿಲುಬೆಗಳ ಸಾಲಿನ ನಡುವೆ ಕೆಂಪು ಗಸಗಸೆ ಹೂಗಳು ತೂಗುತ್ತವೆ, ಸತ್ತವರೇ ಮಾತನಾಡುತ್ತಾರೆ. ಆದರೆ ಕೊನೆಯ ಭಾಗದಲ್ಲಿ ಅವರು ಬದುಕಿದವರಿಗೆ ಹೇಳುವುದು ಯುದ್ಧ ಮುಂದುವರಿಸಿ ಎಂದು. ಮೊದಲ ಭಾಗವನ್ನು ಶೋಕಸಭೆಗಳು ಎತ್ತಿಕೊಂಡವು. ಕೊನೆಯ ಭಾಗ ಸೇನೆಗೆ ಭರ್ತಿ ಮಾಡುವ, ಯುದ್ಧದ ಸಾಲಪತ್ರ ಮಾರುವ ಪ್ರಚಾರಕ್ಕೆ ಒದಗಿತು. ಮೆಕ್ರೇ ಕೂಡ ಯುದ್ಧ ಮುಗಿಯುವುದನ್ನು ಕಾಣಲಿಲ್ಲ. 1918ರ ಜನವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.

1916ರ ಜುಲೈ 1ರಂದು ಸೋಮ್ ಕಾಳಗದ ಮೊದಲ ದಿನವೇ ಬ್ರಿಟಿಷ್ ಸೇನೆಯ 57,470 ಮಂದಿ ಸಾವು ನೋವಿಗೆ ಈಡಾದರು. ಅವರಲ್ಲಿ ಸತ್ತವರು 19,240. ಒಂದು ಹಗಲಿನ ಲೆಕ್ಕ ಇದು. ಅಲ್ಲಿಂದ ಮುಂದೆ ಕಂದಕದಲ್ಲಿದ್ದ ಕವಿಗಳಿಗೆ ಬ್ರೂಕ್‌ನ ದನಿಯಲ್ಲಿ ಹಾಡುವುದು ಕಷ್ಟವಾಯಿತು.

ವಿಲ್ಫ್ರೆಡ್ ಓವೆನ್ ಆ ದನಿಯನ್ನು ಮುರಿದವರಲ್ಲಿ ಪ್ರಮುಖ. ಫ್ರಾನ್ಸಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ ಈ ತರುಣ 1915ರಲ್ಲಿ ಸೇನೆ ಸೇರಿದ. 1917ರ ಚಳಿಗಾಲದಲ್ಲಿ ಕಂದಕ ಕಂಡ. ಶೆಲ್ ಸಿಡಿತದ ಆಘಾತಕ್ಕೆ ಸಿಕ್ಕಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದ. ಅಲ್ಲಿ ಸಿಕ್ಕವನು ಸೀಗ್‌ಫ್ರೈಡ್ ಸಸೂನ್: ಶೌರ್ಯ ಪದಕ ಪಡೆದಿದ್ದ ಅಧಿಕಾರಿ, ಯುದ್ಧವನ್ನು ಬೇಕೆಂದೇ ಎಳೆದಾಡಲಾಗುತ್ತಿದೆ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟಿದ್ದವನು. ಅವನ ಒಡನಾಟದಲ್ಲಿ ಓವೆನ್‌ನ ಕವಿತೆಗೆ ಕಣ್ಣು ಬಂತು. ವಿಷಾನಿಲದ ದಾಳಿಯಲ್ಲಿ ಮುಖವಾಡ ಹಾಕಿಕೊಳ್ಳಲು ತಡವಾದ ಸೈನಿಕನೊಬ್ಬ ಉಸಿರುಗಟ್ಟಿ ಸಾಯುವುದನ್ನು ಅವನು ಕವಿತೆಗೆ ತಂದ. ಅದರ ಮೊದಲ ಕರಡನ್ನು ಅರ್ಪಿಸಿದ್ದು ಜೆಸ್ಸಿ ಪೋಪ್ ಎಂಬ ಕವಯಿತ್ರಿಗೆ. ಹುಡುಗರನ್ನು ಆಟಕ್ಕೆ ಕರೆಯುವಂತೆ ಯುದ್ಧಕ್ಕೆ ಕರೆಯುವ ಪದ್ಯಗಳನ್ನು ಆಕೆ ಪತ್ರಿಕೆಗಳಿಗೆ ಬರೆಯುತ್ತಿದ್ದಳು. ಕಳಿಸುವ ಕವಿತೆಗೆ ಅಳುವ ಕವಿತೆ ಎದುರು ನಿಂತು ಉತ್ತರ ಕೊಟ್ಟದ್ದು ಇಲ್ಲಿ.

ಓವೆನ್ ಮತ್ತೆ ಯುದ್ಧರಂಗಕ್ಕೆ ಮರಳಿದ. ತನ್ನ ಹುಡುಗರ ಜೊತೆಗಿರಬೇಕು, ಅವರ ಪಾಡನ್ನು ಹೇಳಬೇಕು ಎಂಬ ಹಂಬಲ ಅವನದು. 1918ರ ಅಕ್ಟೋಬರಿನ ಕಾಳಗಕ್ಕಾಗಿ ಮಿಲಿಟರಿ ಕ್ರಾಸ್ ಪದಕವೂ ಬಂತು. ನವೆಂಬರ್ 4ರಂದು ಓರ್ಸ್ ಎಂಬ ಊರಿನ ಬಳಿ ಕಾಲುವೆ ದಾಟುವಾಗ ಗುಂಡಿಗೆ ಬಲಿಯಾದ. ವಯಸ್ಸು 25. ಏಳನೆಯ ದಿನಕ್ಕೆ ಯುದ್ಧ ನಿಂತಿತು. ಶ್ರೂಸ್‌ಬರಿಯಲ್ಲಿ ಸಂಧಿಯ ಗಂಟೆಗಳು ಮೊಳಗುತ್ತಿದ್ದ ಹೊತ್ತಿಗೇ ಅವನ ತಾಯಿ ಸೂಸನ್‌ಗೆ ಮಗನ ಸಾವಿನ ತಂತಿ ತಲುಪಿತು.

ಆ ತಾಯಿ 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಒಂದು ಪತ್ರ ಬರೆದರು. ಕೊನೆಯ ಬಾರಿ ಮನೆಯಿಂದ ಹೊರಡುವಾಗ ಮಗ ತನಗೆ ವಿದಾಯವಾಗಿ ಹೇಳಿದ್ದು ಠಾಕೂರರ ಸಾಲುಗಳನ್ನು. ಮರಳಿ ಬಂದ ಅವನ ಕಿಸೆಪುಸ್ತಕದಲ್ಲಿ ಅವು ಅವನ ಕೈಬರಹದಲ್ಲೇ ಇದ್ದವು, ಕೆಳಗೆ ನಿಮ್ಮ ಹೆಸರಿತ್ತು ಎಂದು ತಿಳಿಸಿದರು. ಅದು ‘ಗೀತಾಂಜಲಿ’ಯ ವಿದಾಯಗೀತೆ. ಬಂಗಾಳದಲ್ಲಿ ಹುಟ್ಟಿದ ಹಾಡೊಂದು ಫ್ರಾನ್ಸಿನ ಕಂದಕಕ್ಕೆ ಹೋಗಿ ಇಂಗ್ಲೆಂಡಿನ ಮನೆಗೆ ಮರಳಿತ್ತು.

ಓವೆನ್‌ನ ದಾರಿಯನ್ನು ಎಲ್ಲರೂ ಒಪ್ಪಲಿಲ್ಲ. 1936ರಲ್ಲಿ ಆಧುನಿಕ ಇಂಗ್ಲಿಷ್ ಕವಿತೆಗಳ ದೊಡ್ಡ ಸಂಕಲನವೊಂದನ್ನು ಸಂಪಾದಿಸಿದ ಡಬ್ಲ್ಯು.ಬಿ. ಯೇಟ್ಸ್ ಅವನನ್ನು ಹೊರಗಿಟ್ಟ. ಸುಮ್ಮನೆ ಅನುಭವಿಸುವ ನೋವು ಕಾವ್ಯಕ್ಕೆ ವಸ್ತುವಾಗದು ಎಂಬುದು ಅವನ ವಾದ. ಮಹಾಕವಿಯ ಮಾತಾದರೂ ಇದು ತಪ್ಪು. ಇಪ್ಪತ್ತು ವರ್ಷದ ಹುಡುಗನಿಗೆ ಕಂದಕದಲ್ಲಿ ಅನುಭವಿಸುವುದನ್ನು ಬಿಟ್ಟು ಬೇರೆ ಯಾವ ಆಯ್ಕೆ ಇತ್ತು? ಅವನ ಪಾಲಿಗೆ ಬಂದದ್ದೇ ಕಾವ್ಯಕ್ಕೆ ಸಲ್ಲದು ಎಂದರೆ ಕಾವ್ಯ ಸೇನಾಪತಿಗಳಿಗೆ ಮೀಸಲಾಗುತ್ತದೆ. ಕಾಲವೂ ಯೇಟ್ಸ್‌ನ ಪರವಾಗಿ ನಿಲ್ಲಲಿಲ್ಲ. 1962ರಲ್ಲಿ ಬೆಂಜಮಿನ್ ಬ್ರಿಟನ್ ತನ್ನ ‘ವಾರ್ ರೆಕ್ವಿಯಂ’ ಸಂಗೀತಕೃತಿಗೆ ಓವೆನ್‌ನ ಕವಿತೆಗಳನ್ನು ಬಳಸಿಕೊಂಡ. ಅದು ಮೊದಲು ಕೇಳಿಸಿದ್ದು ಎರಡನೆಯ ಮಹಾಯುದ್ಧದ ಬಾಂಬಿಗೆ ಸುಟ್ಟು ಹೊಸದಾಗಿ ಎದ್ದಿದ್ದ ಕವೆಂಟ್ರಿಯ ಚರ್ಚಿನಲ್ಲಿ.

ಕಳಿಸುವವನೇ ಅಳುವವನಾದ ಕಥೆಯೂ ಇದೆ. ಸಾಮ್ರಾಜ್ಯದ ದೊಡ್ಡ ಗಾಯಕ ರುಡ್ಯಾರ್ಡ್ ಕಿಪ್ಲಿಂಗ್‌ನ ಮಗ ಜಾನ್‌ಗೆ ಕಣ್ಣು ಮಂದ. ಸೇನೆ ಅವನನ್ನು ತೆಗೆದುಕೊಳ್ಳಲಿಲ್ಲ. ತಂದೆ ತನ್ನ ಪ್ರಭಾವ ಬಳಸಿ, ಹಿರಿಯ ಸೇನಾನಿ ಲಾರ್ಡ್ ರಾಬರ್ಟ್ಸ್‌ಗೆ ಹೇಳಿ, ಐರಿಷ್ ಗಾರ್ಡ್ಸ್ ಪಲ್ಟನ್ನಿನಲ್ಲಿ ಜಾಗ ಕೊಡಿಸಿದ. 1915ರ ಸೆಪ್ಟೆಂಬರ್ 27ರಂದು ಲೂಸ್ ಕಾಳಗದಲ್ಲಿ ಜಾನ್ ಕಾಣೆಯಾದ. ಹದಿನೆಂಟು ತುಂಬಿ ಆರು ವಾರವಷ್ಟೇ ಆಗಿತ್ತು. ತಂದೆ ಬದುಕಿರುವ ತನಕ ಅವನ ದೇಹ ಸಿಗಲಿಲ್ಲ. ಮುಂದೆ ಕಿಪ್ಲಿಂಗ್ ಯುದ್ಧ ಸಮಾಧಿಗಳ ಆಯೋಗದ ಸದಸ್ಯನಾಗಿ ಗುರುತು ಸಿಗದ ಸಾವಿರಾರು ಹುಡುಗರ ಕಲ್ಲುಗಳಿಗೆ ಒಕ್ಕಣೆ ಹೊಂದಿಸಿಕೊಟ್ಟ. 1919ರಲ್ಲಿ ಬರೆದ ಸಮಾಧಿಲೇಖಗಳ ಕವಿತೆಗಳಲ್ಲಿ ಒಂದು, ಹುಡುಗರ ಸಾವಿಗೆ ತಂದೆಯರ ಸುಳ್ಳೇ ಕಾರಣ ಎನ್ನುತ್ತದೆ. ಅದೇ ಸರಣಿಯಲ್ಲಿ ಫ್ರಾನ್ಸಿನಲ್ಲಿ ಮಡಿದ ಹಿಂದೂ ಸಿಪಾಯಿಯೊಬ್ಬನಿಗೂ ಒಂದು ಲೇಖವಿದೆ.

ಈ ತಂದೆಯನ್ನು ಕನ್ನಡ ಓದುಗರು ಮೊದಲೇ ಬಲ್ಲರು. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳನ್ನು ತುಳಿಯುತ್ತ ನಡೆಯುತ್ತಾನೆ. ಮಗ ಲಕ್ಷಣಕುಮಾರನ ದೇಹ ಕಣ್ಣಿಗೆ ಬೀಳುತ್ತದೆ. ತಂದೆಗೆ ಮಗ ತರ್ಪಣ ಬಿಡಬೇಕಾದ ಕ್ರಮ ತಲೆಕೆಳಗಾಯಿತಲ್ಲ ಎಂದು ಯುದ್ಧ ಹೂಡಿದ ಆ ತಂದೆ ಹಲುಬುತ್ತಾನೆ. ಅದಕ್ಕೂ ಮೊದಲು ಅವನು ನಿಂತದ್ದು ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ. ಆ ಹುಡುಗನ ಸಾಹಸಕ್ಕೆ ಕೈಮುಗಿದೇ ಮುಂದೆ ಹೋಗುತ್ತಾನೆ. ಓವೆನ್‌ನ ಒಂದು ಹೆಸರಾಂತ ಕವಿತೆಯಲ್ಲಿ, ಸತ್ತ ಸೈನಿಕನೊಬ್ಬನಿಗೆ ಪಾತಾಳದಲ್ಲಿ ತಾನೇ ಕೊಂದ ಶತ್ರು ಎದುರಾಗಿ ಗೆಳೆಯನಂತೆ ಮಾತಾಡುತ್ತಾನೆ. ಇಬ್ಬರು ಕವಿಗಳ ನಡುವೆ ಸಾವಿರ ವರ್ಷ, ಏಳು ಸಮುದ್ರ. ಕಂಡದ್ದು ಮಾತ್ರ ಒಂದೇ: ಸತ್ತ ಮೇಲೆ ಹುಡುಗನಿಗೆ ಪಕ್ಷವಿಲ್ಲ.

ಕನ್ನಡ ನೆಲದಲ್ಲಿ ಇನ್ನೊಂದು ಪರಂಪರೆಯೂ ಉಂಟು. ಊರೂರಿನ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಹಿಂದೆ ಉಳಿದ ತಾಯಿಗೆ ಆ ಮೂರು ಅಂತಸ್ತುಗಳಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಹಾಗೆಂದು ವೀರಗಲ್ಲನ್ನು ಹಗುರವಾಗಿ ಕಾಣುವಂತಿಲ್ಲ. ಎಷ್ಟೋ ಕಲ್ಲುಗಳು ದನ ಕಾಯಲು, ಊರು ಉಳಿಸಲು ಸತ್ತ ಸಾಮಾನ್ಯನ ಹೆಸರನ್ನು ಇಂದಿಗೂ ಹೇಳುತ್ತಿವೆ. ಕಲ್ಲು ಕೊಟ್ಟದ್ದು ಹೆಸರು, ರನ್ನ ಕೊಟ್ಟದ್ದು ಕಣ್ಣೀರು. ಸತ್ತ ಹುಡುಗನಿಗೆ ಎರಡೂ ಸಲ್ಲಬೇಕು.

ಮೊದಲ ಮಹಾಯುದ್ಧಕ್ಕೆ ಹೋದ ಭಾರತದ ಹುಡುಗರಿಗೆ ಬಹುಕಾಲ ಎರಡೂ ಸಲ್ಲಲಿಲ್ಲ. ಹೋದವರು 13 ಲಕ್ಷಕ್ಕೂ ಹೆಚ್ಚು; ಸತ್ತವರು 74,000ಕ್ಕೂ ಹೆಚ್ಚು. ಅವರ ಪಾಡನ್ನು ಇಂಗ್ಲಿಷ್ ಕವಿತೆಗೆ ತಂದವರಲ್ಲಿ ಸರೋಜಿನಿ ನಾಯ್ಡು ಮೊದಲಿಗರು. 1915ರಲ್ಲಿ ಅವರು ಬರೆದ ಕವಿತೆಯಲ್ಲಿ ಭಾರತಮಾತೆಯೇ ತಾಯಿಯಾಗಿ ನಿಂತು, ಪರ್ಷಿಯಾ, ಈಜಿಪ್ಟ್, ಫ್ಲಾಂಡರ್ಸ್‌ಗಳಲ್ಲಿ ಚೆಲ್ಲಿಹೋದ ತನ್ನ ಮಕ್ಕಳನ್ನು ನೆನೆಯುತ್ತಾಳೆ. ಆ ಕವಿತೆಯಲ್ಲಿ ಹೆಮ್ಮೆಯೂ ಇದೆ, ಸಂಕಟವೂ ಇದೆ. ಸಾಮ್ರಾಜ್ಯವು ಈ ಋಣವನ್ನು ಮರೆಯಬಾರದೆಂಬ ಒತ್ತಾಯವೂ ಇದೆ. ಪಂಜಾಬಿನ ಹಳ್ಳಿಗಳ ಹೆಂಗಸರಿಗೆ ಹೆಮ್ಮೆಯ ಹಂಗಿರಲಿಲ್ಲ. ಗಂಡಂದಿರನ್ನು ಇಂದಿನ ಇರಾಕಿನ ಬಸ್ರಾಕ್ಕೆ ಒಯ್ದ ಯುದ್ಧಕ್ಕೆ ಅವರು ಹಾಡುಗಳಲ್ಲಿ ನೇರವಾಗಿ ಶಾಪ ಹಾಕಿದರು.

ಸಿಪಾಯಿಗಳ ಕಾಗದಗಳು ಹಾಗೆ ನೇರವಾಗಿ ಮಾತಾಡುವಂತಿರಲಿಲ್ಲ. ಸೆನ್ಸಾರ್ ಕಣ್ಣು ತಪ್ಪಿಸಲು ಅವರು ಒಗಟಿನಲ್ಲಿ ಬರೆದರು: ಕರಿಮೆಣಸು ಎಂದರೆ ಭಾರತದ ಸೈನಿಕರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತ ಬಂತು ಎಂದರೆ ಊರಿನವರಿಗೆ ಅರ್ಥವಾಗಬೇಕು. 1915ರ ಜನವರಿಯಲ್ಲಿ ಗಾಯಗೊಂಡಿದ್ದ ರಜಪೂತ ಸಿಪಾಯಿಯೊಬ್ಬ, ಇದು ಯುದ್ಧವೇ ಅಲ್ಲ, ಪ್ರಪಂಚ ಮುಗಿಯುತ್ತಿದೆ, ಮಹಾಭಾರತದಲ್ಲಿ ಕೇಳಿದ ಯುದ್ಧ ಇಂಥದ್ದೇ ಎಂಬರ್ಥದಲ್ಲಿ ಬಂಧುವಿಗೆ ಬರೆದ. ಅವನ ಕೈಯಲ್ಲಿ ಯಾವ ಕಾವ್ಯಪರಂಪರೆಯೂ ಇರಲಿಲ್ಲ ಎನ್ನುವವರು ಈ ಕಾಗದ ಓದಬೇಕು. ಕಂಡದ್ದನ್ನು ಅಳೆಯಲು ಅವನ ಬಳಿ ವ್ಯಾಸಭಾರತವೇ ಇತ್ತು. ಈ ಕಾಗದಗಳು ಉಳಿದದ್ದು ಸೆನ್ಸಾರ್ ಕಚೇರಿ ಅವನ್ನು ಇಂಗ್ಲಿಷಿಗೆ ತಿರುಗಿಸಿ ಕಡತದಲ್ಲಿ ಇಟ್ಟಿದ್ದರಿಂದ. 1999ರಲ್ಲಿ ಡೇವಿಡ್ ಒಮಿಸ್ಸಿ ಅವನ್ನು ಆಯ್ದು ಪುಸ್ತಕವಾಗಿ ತಂದರು.

ಇನ್ನು ಹೆಸರಿನ ಮಾತು. 1915ರ ಮಾರ್ಚಿನಲ್ಲಿ ಭಾರತೀಯ ಪಡೆಗಳು ಕಾದಿದ ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ 1927ರಲ್ಲಿ ಸ್ಮಾರಕ ಎದ್ದಿತು. ಸಮಾಧಿಯ ಗುರುತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿವೆ. ಅವುಗಳಲ್ಲಿ ಒಂದು ಗಢವಾಲದ ಗಬ್ಬರ್ ಸಿಂಗ್ ನೇಗಿಯದು. ವಿಕ್ಟೋರಿಯಾ ಕ್ರಾಸ್ ಪಡೆದ ಆ ಹುಡುಗ ಸತ್ತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆದರೆ ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರು ಕೆತ್ತಿದರೆ, ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಪಲ್ಟನ್‌ವಾರು ಸಂಖ್ಯೆಯನ್ನಷ್ಟೇ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ ವರದಿ ಹೊರಡಿಸಿ ಒಪ್ಪಿಕೊಂಡಿತು: ಭಾರತ ಮತ್ತು ಆಫ್ರಿಕಾದ 45,000ದಿಂದ 54,000 ಮಂದಿಯನ್ನು ಸಮಾನವಾಗಿ ಸ್ಮರಿಸಿಲ್ಲ, ಕಡಿಮೆಯೆಂದರೂ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲದಿರಬಹುದು. ಬ್ರಿಟನ್ನಿನ ಸಂಸತ್ತಿನಲ್ಲಿ ಸರ್ಕಾರ ಕ್ಷಮೆ ಕೇಳಿತು. ಯುದ್ಧ ನಿಂತು ನೂರಾ ಎರಡು ವರ್ಷ ಕಳೆದಿತ್ತು.

ಈ ಲೆಕ್ಕದಲ್ಲಿ ಕರ್ನಾಟಕಕ್ಕೂ ಪಾಲಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಬಿಡಿಸಿಕೊಂಡ ಕುದುರೆಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಅಡಗಿಸುವ ಕೆಲಸ ಮೈಸೂರಿನ ಸವಾರರದಾಗಿತ್ತು. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಪ್ರತಿನಿಧಿಸುವ ಸಂಸ್ಥಾನಗಳಲ್ಲಿ ಮೈಸೂರೂ ಒಂದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಹೈಫಾದ ಹೆಸರು ಈಗ ಭಾಷಣಗಳಲ್ಲಿ ಆಗಾಗ ಬರುತ್ತದೆ, ಕುದುರೆಗಳ ಓಟದ ವರ್ಣನೆಯೂ ಬರುತ್ತದೆ. ಕುದುರೆಯಿಂದ ಬಿದ್ದವನ ಊರು ಯಾವುದು, ಅವನ ಸಾವಿನ ಸುದ್ದಿ ಆ ಊರಿಗೆ ಹೇಗೆ ಬಂತು, ಅವನ ಅವ್ವ ಏನೆಂದು ಅತ್ತಳು ಎಂದು ಕೇಳುವ ಕವಿತೆ ಕನ್ನಡದ ಪಠ್ಯಪುಸ್ತಕದಲ್ಲಿ ಇರಬೇಕಿತ್ತು. ಯುದ್ಧ ಮುಗಿದ ರಣಭೂಮಿಯನ್ನೇ ರಂಗಸ್ಥಳವಾಗಿಸಿ ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ಬರೆದ ಭಾಷೆ ಇದು. ಅದಕ್ಕೆ ಆ ಶಕ್ತಿ ಇಲ್ಲವೆನ್ನುವಂತಿಲ್ಲ.

ಇಂದು ಯೋಧನೊಬ್ಬ ಮಡಿದ ಸುದ್ದಿ ಬಂದ ಗಳಿಗೆಯಲ್ಲೇ ಮೊಬೈಲುಗಳಲ್ಲಿ ಪದ್ಯಗಳು ಹರಿದಾಡುತ್ತವೆ. ಬರೆದವರ ಗೌರವ ನಿಜವಾದದ್ದೇ ಇರಬಹುದು. ಆದರೆ ಆ ಪದ್ಯಗಳಲ್ಲಿ ಬಹುಪಾಲು ಯಾವ ಯೋಧನಿಗಾದರೂ ಹೊಂದುತ್ತವೆ. ಹೆಸರು ಬದಲಿಸಿದರೆ ಸಾಕು. ಅವನ ವಯಸ್ಸು, ಕಟ್ಟಬೇಕೆಂದಿದ್ದ ಮನೆ, ರಜೆಗೆ ಬಂದಾಗ ಹೂಡಿದ ಗದ್ದೆ ಅವುಗಳಲ್ಲಿ ಇಲ್ಲ. ಹುತಾತ್ಮ ಎಂಬ ದೊಡ್ಡ ಮಾತಿನ ಕೆಳಗೆ ಹುಡುಗನೇ ಮರೆಯಾಗುತ್ತಾನೆ. ಹಾರ್ಡಿ, ಓವೆನ್, ರನ್ನ ಮೂವರೂ ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. ದೊಡ್ಡ ಮಾತನ್ನು ಸರಿಸಿ ಹುಡುಗನ ಮುಖ ತೋರಿಸಿದರು. ಯುದ್ಧ ಕೆಲವೊಮ್ಮೆ ಅನಿವಾರ್ಯ ಎನ್ನುವವರಿಗೂ ಆ ಮುಖ ನೋಡುವ ಹೊಣೆ ತಪ್ಪುವುದಿಲ್ಲ. ಓವೆನ್ ಕೂಡ ಬಂದೂಕು ಹಿಡಿದೇ ಸತ್ತವನು.

ಆದ್ದರಿಂದ ಕನ್ನಡದ ಅಧ್ಯಾಪಕರಲ್ಲಿ, ಪಠ್ಯ ರೂಪಿಸುವವರಲ್ಲಿ, ಅನುವಾದಕರಲ್ಲಿ ಒಂದು ಕೋರಿಕೆ. ಪದವಿ ತರಗತಿಗಳಲ್ಲಿ ಓವೆನ್ ಪಾಠ ಮಾಡುವ ದಿನವೇ ರನ್ನನ ಲಕ್ಷಣಕುಮಾರನ ಪ್ರಸಂಗವನ್ನೂ ತೆರೆಯಿರಿ. ಸಿಪಾಯಿಗಳ ಕಾಗದಗಳನ್ನೂ ಪಂಜಾಬಿನ ಹೆಂಗಸರ ಹಾಡುಗಳನ್ನೂ ಕನ್ನಡಕ್ಕೆ ತನ್ನಿ. ಬೆಂಗಳೂರಿನ ಜೆ.ಸಿ. ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವಿದೆ. ದಿನವೂ ಅದರ ಪಕ್ಕದಲ್ಲೇ ವಾಹನಗಳು ಸಾಗುತ್ತವೆ. ಬರುವ ಸೆಪ್ಟೆಂಬರ್ 23ರಂದು ಒಂದು ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ನಿಂತು ಒಬ್ಬ ಸಿಪಾಯಿಯ ಕಾಗದವನ್ನು ಗಟ್ಟಿಯಾಗಿ ಓದಿಸಿ. ಆ ಮಕ್ಕಳಿಗಿಂತ ಎರಡು ಮೂರು ವರ್ಷವಷ್ಟೇ ದೊಡ್ಡವರಾಗಿದ್ದ ಹುಡುಗರೂ ಆ ಯುದ್ಧದಲ್ಲಿದ್ದರು.